ಸೋಲುವವನಿಗೆ ನನ್ನ ಓಟು

ನಾನು ರಿಪಬ್ಲಿಕನ್ ಪಕ್ಷದ ಮತಪತ್ರ ತರಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಾದ ದಿನ ನನ್ನ ಮಗಳು ನನ್ನೊಡನೆ ಮಾತು ಬಿಟ್ಟಳು. ಅವಳು ಅಮೆರಿಕದಲ್ಲಿ ಹುಟ್ಟಿದವಳು, ಈಗ ಓಹಾಯೊ ರಾಜ್ಯದಲ್ಲೇ ಕಾಲೇಜು ಓದುತ್ತಿದ್ದಾಳೆ. ನಾನೂ ನನ್ನ ಗಂಡನೂ ಮಸ್ಕತ್ತಿನ ದಾರ್ಸೈಟಿನಲ್ಲಿ, ಕೃಷ್ಣನ ಗುಡಿಗೆ ನಡೆದು ಹೋಗುವಷ್ಟು ಹತ್ತಿರದ ಫ್ಲ್ಯಾಟಿನಲ್ಲಿ ಇದ್ದೇವೆ. ಇಬ್ಬರ ಕೈಯಲ್ಲೂ ಅಮೆರಿಕದ ಪಾಸ್‌ಪೋರ್ಟಿದೆ. ಹಾಗಾಗಿ ಒಮಾನಿನಲ್ಲಿ ಕೂತು ಓಹಾಯೊಗೆ ಓಟು ಹಾಕುವ ಹಕ್ಕೂ ಇದೆ.

ಅಲ್ಲಿ ನಿಜವಾದ ಚುನಾವಣೆಗೆ ಮುಂಚೆ ಒಂದು ಒಳಚುನಾವಣೆ ನಡೆಯುತ್ತದೆ. ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಪಕ್ಷಗಳು ಜನರನ್ನೇ ಕೇಳುತ್ತವೆ. ಯಾವುದಾದರೂ ಒಂದು ಪಕ್ಷದ ಮತಪತ್ರವನ್ನು ಮಾತ್ರ ಕೇಳಬಹುದು. ಇಷ್ಟು ವರ್ಷ ನಾನು ಡೆಮಾಕ್ರಟಿಕ್ ಪಕ್ಷದ್ದನ್ನೇ ಕೇಳಿದ್ದೆ. ಈ ಸಲ ಬದಲಾಯಿಸಿದೆ. ಅದನ್ನು ಮಗಳಿಗೆ ಫೋನಿನಲ್ಲಿ, ಅನ್ನಕ್ಕಿಟ್ಟೆ ಎನ್ನುವಷ್ಟು ಸಲೀಸಾಗಿ ಹೇಳಿದೆ. ಅವಳು ಇಂಗ್ಲಿಷಿನಲ್ಲಿ, ನೀನು ಯಾರ ಪಕ್ಕ ನಿಲ್ಲುತ್ತಿದ್ದೀಯ ಅನ್ನೋದು ನಿನಗೆ ಗೊತ್ತಾ ಎಂದಳು. ಗೊತ್ತು, ಒಬ್ಬ ದನದ ಡಾಕ್ಟರ ಪಕ್ಕ ಎಂದೆ. ಅವಳು ಫೋನ್ ಇಟ್ಟುಬಿಟ್ಟಳು.

ಆ ದನದ ಡಾಕ್ಟರ ವಿಷಯ ಹೇಳಬೇಕು.

ನಾವು ಮೈಸೂರಿನವರು. ನನ್ನ ಓದು ರಸಾಯನಶಾಸ್ತ್ರ, ಕೆಲಸ ನೀರು ಪರೀಕ್ಷೆ ಮಾಡುವುದು. ಈಗ ಮಸ್ಕತ್ತಿನಲ್ಲಿ ಸಮುದ್ರದ ನೀರನ್ನು ಸಿಹಿ ಮಾಡಿ ಮನೆಮನೆಗೆ ಬಿಡುವ ಮುಂಚೆ ಅದನ್ನು ಪರೀಕ್ಷಿಸುತ್ತೇನೆ. ಆಗ ಓಹಾಯೊದ ಒಂದು ಸಣ್ಣ ಪಟ್ಟಣದ ನೀರಿನ ಲ್ಯಾಬಿನಲ್ಲಿದ್ದೆ. ಸುತ್ತ ಜೋಳದ ಹೊಲ, ಹಾಲಿನ ಡೇರಿಗಳು, ಬಾಗಿಲು ಹಾಕಿದ ಒಂದೆರಡು ಕಾರ್ಖಾನೆ. ಕನ್ನಡ ಮಾತಾಡುವವರು ಊರಿಗೆಲ್ಲ ನಾವಿಬ್ಬರೇ.

ಒಂದು ಚಳಿಗಾಲದಲ್ಲಿ ಅಲ್ಲಿನ ಹಳೆಯ ಪ್ರಾಥಮಿಕ ಶಾಲೆಯ ನಲ್ಲಿಗಳಿಂದ ಬಂದ ನೀರಿನಲ್ಲಿ ಸೀಸ ಕಾಣಿಸಿತು. ಕುಡಿಯುವ ಮಕ್ಕಳ ಬುದ್ಧಿಯನ್ನೇ ಮಂಕು ಮಾಡುವ ಲೋಹ ಅದು. ನನ್ನ ಮೇಲಿನ ಅಧಿಕಾರಿ ಕೆಟ್ಟವನಲ್ಲ, ಹೆದರಿದವನು. ಇನ್ನೊಂದು ಸಲ ಪರೀಕ್ಷೆ ಆಗಲಿ, ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ ಎಂದ. ಆದರೆ ಶಾಲೆಯ ಮುಖ್ಯೋಪಾಧ್ಯಾಯಿನಿ ವರದಿ ಬರದಿದ್ದಾಗ ಸುಮ್ಮನಿರದೆ ರಾಜ್ಯದ ಶಾಸನಸಭೆಗೆ ಆ ಕ್ಷೇತ್ರದಿಂದ ಆರಿಸಿಹೋದವರಿಗೆ ಫೋನ್ ಮಾಡಿದ್ದರು. ಮಾರನೇ ದಿನ ಆತ ನೇರ ನಮ್ಮ ಲ್ಯಾಬಿಗೆ ಬಂದರು. ವೃತ್ತಿಯಲ್ಲಿ ಪಶುವೈದ್ಯ. ಎತ್ತರದ ಆಳು, ಮೊಣಕಾಲುದ್ದದ ರಬ್ಬರ್ ಬೂಟು, ಅದಕ್ಕೆ ಮೆತ್ತಿದ ಸಗಣಿ. ಯಾವುದೋ ಕೊಟ್ಟಿಗೆಯಲ್ಲಿ ಹಸುವಿಗೆ ಕರು ಹಾಕಿಸಿ ಹಾಗೇ ಬಂದಿದ್ದರು. ಬಾಗಿಲಲ್ಲೇ ಬೂಟು ಬಿಚ್ಚಿ, ಕಾಲುಚೀಲದಲ್ಲಿ ಬಂದು ನನ್ನ ಮೇಜಿನ ಪಕ್ಕ ಸ್ಟೂಲು ಎಳೆದು ಕೂತರು.

ಅವರು ತಾತನ ಕಾಲದಿಂದ ರಿಪಬ್ಲಿಕನ್. ಬಂದೂಕು, ತೆರಿಗೆ, ಶಾಲೆಯಲ್ಲಿ ಪ್ರಾರ್ಥನೆ, ಒಂದರಲ್ಲೂ ನಮಗಿಬ್ಬರಿಗೆ ಹೊಂದುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವತ್ತು ಅವರು ಕೇಳಿದ್ದು ನೀರಿನ ವಿಷಯ ಮಾತ್ರ. ಯಂತ್ರ ಹೇಗೆ ಕೆಲಸ ಮಾಡುತ್ತದೆ, ತಪ್ಪು ಎಲ್ಲಿ ಆಗಬಹುದು, ನೀವೇ ತಪ್ಪು ಮಾಡಿರಬಹುದಾ, ಎಲ್ಲವನ್ನೂ ಕೇಳಿದರು. ನಾನು ಬೇಜಾರಿಲ್ಲದೆ ಹೇಳಿದೆ. ಕೊನೆಗೆ, ನಿಮ್ಮ ಮಗು ಆ ಶಾಲೆಗೆ ಹೋಗುತ್ತಿದ್ದರೆ ಇವತ್ತು ಬೆಳಿಗ್ಗೆ ಅದಕ್ಕೆ ಏನು ಹೇಳಿ ಕಳಿಸುತ್ತಿದ್ದಿರಿ ಎಂದರು. ನಲ್ಲಿ ಮುಟ್ಟಬೇಡ ಎನ್ನುತ್ತಿದ್ದೆ ಎಂದೆ.

"ಹಾಗಾದರೆ ಸಂಜೆ ಎಲ್ಲರಿಗೂ ಅದನ್ನೇ ಹೇಳೋಣ. ನೀವೂ ಬನ್ನಿ," ಎಂದು ಎದ್ದರು.

ಸಂಜೆ ಶಾಲೆಯ ಆಟದ ಸಭಾಂಗಣದಲ್ಲಿ ಊರಿಗೆ ಊರೇ ಸೇರಿತ್ತು. ಅವರು ಸುತ್ತಿ ಬಳಸದೆ ಹೇಳಿದರು. ಆಮೇಲೆ ನನ್ನನ್ನು ನಿಲ್ಲಿಸಿ ವಿವರಿಸಲು ಬಿಟ್ಟರು. ಮಧ್ಯೆ ಒಬ್ಬ ಎದ್ದು, ಈಕೆ ಹೇಳುವುದು ಒಂದಕ್ಷರ ಅರ್ಥವಾಗುತ್ತಿಲ್ಲ, ಇಂಗ್ಲಿಷ್ ಬರುವವರು ಯಾರೂ ಸಿಗಲಿಲ್ಲವಾ ಎಂದು ಕೇಳಿದ. ಕೆಲವರು ನಕ್ಕರು. ಡಾಕ್ಟರಿಗೆ ಸಿಟ್ಟು ಬಂದ ಹಾಗೇನೂ ಕಾಣಲಿಲ್ಲ. "ನನ್ನ ಮಾತೂ ನಿನಗೆ ಅರ್ಥವಾದ ಹಾಗಿಲ್ಲ, ನಾನು ಇಲ್ಲೇ ಹುಟ್ಟಿದವನು. ಕೂತ್ಕೊಂಡು ಕೇಳು," ಎಂದರು ಅಷ್ಟೇ. ಅವನು ಕೂತ. ನಾನು ಮುಂದುವರಿಸಿದೆ.

ಆಮೇಲೆ ಅವರು ಊರಿನ ಹಳೆಯ ಪೈಪುಗಳನ್ನೆಲ್ಲ ಬದಲಾಯಿಸಲು ಶಾಸನಸಭೆಯಲ್ಲಿ ಮಸೂದೆ ತಂದರು. ಅದಕ್ಕೆ ತೆರಿಗೆ ಏರಿಸಬೇಕಿತ್ತು. ತೆರಿಗೆ ಏರಿಸುವ ರಿಪಬ್ಲಿಕನ್ ಎಂದರೆ ಅವರ ಪಕ್ಷದವರಿಗೆ ಕುಲಗೆಟ್ಟವನು. ಮಸೂದೆ ಹೇಗೋ ಪಾಸಾಯಿತು, ಪೈಪು ಬಂದವು. ಮುಂದಿನ ಒಳಚುನಾವಣೆಯಲ್ಲಿ ಅವರದೇ ಪಕ್ಷದ ಒಬ್ಬ ಯುವಕ ಎದುರು ನಿಂತ. ಅವನು ನೀರಿನ ವಿಷಯವನ್ನೇ ಎತ್ತಲಿಲ್ಲ, ಡಾಕ್ಟರು ದ್ರೋಹಿ ಎಂದು ಮಾತ್ರ ಊರೂರು ಸುತ್ತಿದ. ಡಾಕ್ಟರು ಸೋತರು. ನಾನು ಮತಗಟ್ಟೆಯ ಆಚೆ ಚಳಿಯಲ್ಲಿ ನಿಂತು ಅವರ ಕಡೆಯವರಿಗೆ ಕಾಫಿ ಕೊಟ್ಟೆ. ಒಳಗೆ ಹೋಗುವ ಹಾಗಿರಲಿಲ್ಲ, ಆಗಿನ್ನೂ ನನಗೆ ಪೌರತ್ವ ಬಂದಿರಲಿಲ್ಲ. ಪ್ರಮಾಣವಚನಕ್ಕೆ ಕರೆ ಬಂದದ್ದು ಆ ಬೇಸಿಗೆಯಲ್ಲಿ. ಕೈ ಎತ್ತಿ ಪ್ರಮಾಣ ಮಾಡಿ ಹೊರಗೆ ಬಂದಾಗ ನನ್ನ ಗಂಡ, ಈಗ ಓಟು ಹಾಕಬಹುದಲ್ಲ ಎಂದರು. ಯಾರಿಗೆ ಎಂದೆ.

ಅದಾದ ಮೇಲೆ ಎಷ್ಟೋ ಚುನಾವಣೆಗಳಲ್ಲಿ ಡೆಮಾಕ್ರಟರಿಗೇ ಹಾಕಿದೆ. ನಮ್ಮಂಥವರು ಹಾಕುವುದು ಅವರಿಗೇ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಎದುರುಪಕ್ಷದಲ್ಲಿ ನಮ್ಮಂಥವರ ಬಗ್ಗೆ ಆಡುವ ಮಾತು ವರ್ಷದಿಂದ ವರ್ಷಕ್ಕೆ ಹೊಲಸಾಗುತ್ತಿತ್ತು, ಅದೂ ಸುಳ್ಳಲ್ಲ. ಆದರೆ ಈ ಡೆಮಾಕ್ರಟರೇನು ಮಾಡುತ್ತಿದ್ದರು? ಇವತ್ತು ಆಕಾಶ ಬೀಳುತ್ತದೆ, ನೀನು ದೇಣಿಗೆ ಕೊಟ್ಟರೆ ನಿಲ್ಲುತ್ತದೆ ಎಂದು ದಿನಾ ಬೆಳಿಗ್ಗೆ ಇಮೇಲ್ ಕಳಿಸುತ್ತಿದ್ದರು. ನಾನು ಒಂದು ಸಲ ಆ ಕಡೆಯ ಇತರ ಪಟ್ಟಣಗಳ ಪೈಪುಗಳ ಬಗ್ಗೆ ಕೇಳಿ ಬರೆದೆ. ನಿಮ್ಮ ಬೆಂಬಲಕ್ಕೆ ಧನ್ಯವಾದ ಎಂದು ಕಂಪ್ಯೂಟರು ಉತ್ತರಿಸಿತು. ನಾನು ಬೇರೆಲ್ಲಿಗೂ ಹೋಗಲಾರೆ ಎಂಬುದು ಅವರಿಗೆ ಗೊತ್ತಿತ್ತು. ಹೋಗಲಾರದವಳಿಗೆ ಯಾರೂ ಉತ್ತರ ಬರೆಯುವುದಿಲ್ಲ.

ಗಂಡನ ಕಂಪನಿ ಅಲ್ಲಿನ ಶಾಖೆ ಮುಚ್ಚಿದಾಗ, ಮೈಸೂರಿನಲ್ಲಿ ಅಮ್ಮನಿಗೂ ಆರೋಗ್ಯ ಸರಿ ಇಲ್ಲದಾಗ, ನಾವು ಮಸ್ಕತ್ತಿಗೆ ಬಂದೆವು. ಇಲ್ಲಿಂದ ಬೆಳಿಗ್ಗೆ ಹೊರಟರೆ ಬೆಂಗಳೂರಿಗೆ ಬಂದಿಳಿದು ಸಂಜೆಗೆ ಮೈಸೂರಿನ ಮನೆ ಸೇರಬಹುದು. ಇಲ್ಲಿಗೆ ಬಂದ ಮೇಲೆ ಅಮೆರಿಕ ಇನ್ನೊಂದು ಬಗೆಯಲ್ಲಿ ಕಾಣತೊಡಗಿತು. ಅಲ್ಲಿ ಯುದ್ಧ ಅಂದರೆ ಟೀವಿ. ಇಲ್ಲಿ ಯುದ್ಧ ಅಂದರೆ ವಿಮಾನ ಇವತ್ತು ಹೊರಡುತ್ತದೋ ಇಲ್ಲವೋ, ಲ್ಯಾಬಿನಲ್ಲಿ ಪಕ್ಕದ ಮೇಜಿನವನ ಅಕ್ಕನ ಮನೆ ಉಳಿದಿದೆಯೋ ಇಲ್ಲವೋ ಎಂಬ ಮಾತು. ನಮ್ಮ ಲ್ಯಾಬಿನ ಮುಖ್ಯಸ್ಥೆ ಒಮಾನಿ ಹೆಂಗಸು, ನಾವೆಲ್ಲ ಅವರನ್ನು ದಕ್ತೂರಾ ಎನ್ನುತ್ತೇವೆ, ಅಂದರೆ ಡಾಕ್ಟರಮ್ಮ. ಒಂದು ದಿನ ಖಾವಾ, ಇಲ್ಲಿನ ಏಲಕ್ಕಿ ಕಾಫಿ, ಕುಡಿಯುತ್ತಾ ಅವರು ನನ್ನನ್ನು ಕೇಳಿದರು: "ನಿಮ್ಮಲ್ಲಿ ಒಂದು ಪಕ್ಷ ದುಃಖಪಟ್ಟುಕೊಂಡು ಬಾಂಬು ಹಾಕುತ್ತೆ, ಇನ್ನೊಂದು ದುಃಖವಿಲ್ಲದೆ ಹಾಕುತ್ತೆ. ನೀನು ಯಾವುದಕ್ಕೆ ಓಟು ಹಾಕ್ತೀಯ?" ಅವರು ಚುಚ್ಚಲು ಕೇಳಿದ್ದಲ್ಲ, ತಿಳಿಯಲಿಕ್ಕೇ ಕೇಳಿದ್ದು. ನಾನು ಇನ್ನೊಂದು ಗುಟುಕು ಕುಡಿದೆ. ಖರ್ಜೂರದ ತಟ್ಟೆ ನನ್ನ ಕಡೆ ತಳ್ಳಿ ಅವರು ಮಾತು ಬದಲಾಯಿಸಿದರು.

ಇಂಥ ಹೊತ್ತಿನಲ್ಲಿ ದನದ ಡಾಕ್ಟರ ಇಮೇಲ್ ಬಂತು. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಕುಶಲ ಬರೆಯುತ್ತಿದ್ದವರು. ಈ ಸಲ ಬೇರೆ ಸುದ್ದಿ ಇತ್ತು. ಎಪ್ಪತ್ತು ದಾಟಿದ ಮೇಲೆ, ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ, ಅಂದರೆ ದೇಶದ ಸಂಸತ್ತಿಗೆ, ತಮ್ಮ ಪಕ್ಷದ ಒಳಚುನಾವಣೆಯಲ್ಲಿ ನಿಲ್ಲುತ್ತಿದ್ದಾರೆ. ಹಿಂದೆ ಅವರನ್ನು ಸೋಲಿಸಿದ ಆ ಯುವಕನೇ, ಈಗ ದಪ್ಪಗಾಗಿ, ಎದುರಾಳಿ. ಆ ಶಾಲೆಯ ನೀರಿನ ಕಥೆಯೇ ಸುಳ್ಳು, ತೆರಿಗೆ ಏರಿಸಲು ಹುಟ್ಟಿಸಿದ್ದು ಎಂದು ಅವನು ಈಗ ಭಾಷಣ ಮಾಡುತ್ತಿದ್ದಾನಂತೆ. ಅವತ್ತು ಕಂಡದ್ದನ್ನು ಕ್ಯಾಮೆರಾದ ಮುಂದೆ ಹೇಳುತ್ತೀರಾ ಎಂದು ಡಾಕ್ಟರು ಕೇಳಿದ್ದರು. ನಾನು ಗೆಲ್ಲುವ ಹಾಗೆ ಕಾಣುವುದಿಲ್ಲ, ಅದನ್ನೂ ಈಗಲೇ ಹೇಳಿಬಿಡುತ್ತೇನೆ ಎಂದೂ ಬರೆದಿದ್ದರು. ಓಟು ಕೇಳುವವನು ಹೀಗೆ ಬರೆದದ್ದನ್ನು ನಾನು ನೋಡಿರಲಿಲ್ಲ.

ಗಂಡ ಓದಿ, "ಹೇಳಿ ಕಳಿಸ್ಬಿಡು, ಆಗಲ್ಲ ಅಂತ," ಎಂದರು. ಅವರು ಹೆದರುವ ಮನುಷ್ಯರಲ್ಲ, ಆದರೆ ಪರದೇಶದಲ್ಲಿ ಸಂಬಳಕ್ಕಿರುವವರು ತಲೆ ತಗ್ಗಿಸಿ ಇರಬೇಕು ಎಂಬುದು ಅವರ ನಂಬಿಕೆ. ಕಫೀಲನ, ಅಂದರೆ ವೀಸಾ ಕೊಡಿಸಿದ ಯಜಮಾನನ, ಸಹಿಯ ಮೇಲೆ ಬದುಕುವವರಿಗೆ ರಾಜಕೀಯ ಯಾಕೆ ಎನ್ನುತ್ತಾರೆ. ನಾನು ಅವತ್ತೇ ಮತಪತ್ರಕ್ಕೆ ಅರ್ಜಿ ಹಾಕಿದೆ, ವಿಡಿಯೋಕ್ಕೂ ಒಪ್ಪಿಕೊಂಡೆ. ನಾನು ಮಗಳಿಗೆ ಹೇಳಿದ್ದು, ಅವಳು ಫೋನ್ ಇಟ್ಟಿದ್ದು ಆ ವಾರವೇ.

ಫೋನ್ ಇಟ್ಟ ಮೇಲೆ ಅವಳು ಒಂದೇ ಒಂದು ಮಾತು ಬರೆದು ಕಳಿಸಿದಳು. ಕೆಟ್ಟ ಮನೆಗೆ ಚಂದದ ಪರದೆ ಬೇಕಾಗುತ್ತದೆ, ನಿನ್ನ ಡಾಕ್ಟರು ಆ ಪರದೆ, ಅವರನ್ನು ತೋರಿಸಿ ಉಳಿದವರು ಒಳಗೆ ಬೇಕಾದ್ದು ಮಾಡುತ್ತಾರೆ ಎಂದು. ನಾನು ಅದನ್ನು ಎರಡು ಮೂರು ಸಲ ಓದಿದೆ. ಅವಳು ದಡ್ಡಿಯಲ್ಲ. ಅವಳ ಕ್ಯಾಂಪಸ್ಸಿನಲ್ಲಿ, ಬಸ್ಸಿನಲ್ಲಿ ಅವಳ ಕಿವಿಗೆ ಬಿದ್ದದ್ದು ನನ್ನ ಕಿವಿಗೆ ಬಿದ್ದಿಲ್ಲ. ಆದರೂ ಉತ್ತರ ಬರೆದೆ: ಆ ಮನೆ ಎಲ್ಲಿಗೂ ಹೋಗಲ್ಲ ಕಣೇ, ಅರ್ಧ ದೇಶ ಅದರಲ್ಲೇ ವಾಸವಿದೆ, ಒಳಗೆ ಒಬ್ಬನಾದರೂ ನೆಟ್ಟಗಿರುವವನು ಇರಲಿ. ಅದಕ್ಕೆ ಅವಳಿಂದ ಉತ್ತರ ಬರಲಿಲ್ಲ.

ಮಧ್ಯೆ ಒಂದು ಶುಕ್ರವಾರ ಅಲ್ ಮವಾಲೇಹ್ ಬಡಾವಣೆಗೆ ಊಟಕ್ಕೆ ಹೋದೆವು. ಅಲ್ಲಿರುವ ನಮ್ಮ ಗೆಳೆಯರು ಮಂಗಳೂರಿನ ಕೊಂಕಣಿ ಕ್ರಿಶ್ಚನ್ನರು. ಆತ ಹಡಗಿನ ಸರಕು ಬಿಡಿಸುವ ಕಂಪನಿಯಲ್ಲಿ ಮ್ಯಾನೇಜರು, ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ಹೆಂಡತಿಯ ಕೈಯ ಇಡ್ಲಿಯಂಥ ಸಾನ್ನಾ ತಿನ್ನಲು ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಸೇರುತ್ತೇವೆ. ಅಮೆರಿಕದ ಚುನಾವಣೆ ಬಂತೆಂದರೆ ಅಲ್ಲಿ ನಾನೇ ಊರ ಬಾಗಿಲ ಡೋಲು, ಬಂದವರೆಲ್ಲ ಬಡಿಯುತ್ತಾರೆ. ಅರ್ಧ ಜನಕ್ಕೆ ಗಟ್ಟಿ ಧ್ವನಿಯ ನಾಯಕ ಬೇಕು. ಗಂಡಸು ಅಂದರೆ ಹಾಗಿರಬೇಕು ಎನ್ನುತ್ತಾರೆ. ಉಳಿದರ್ಧ ಜನಕ್ಕೆ ಎಲ್ಲರೂ ಒಂದೇ, ಶಸ್ತ್ರ ಮಾರುವ ದಲ್ಲಾಳಿಗಳು. ಎರಡೂ ಕಡೆಯವರು ನನ್ನನ್ನೇ ತಿರುಗಿ ನೋಡುತ್ತಾರೆ, ನಾನೇನೋ ಪೆಂಟಗನ್ನಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ.

ಅವತ್ತು ನನ್ನ ಗಂಡ ಬಾಯಿ ತಪ್ಪಿ ವಿಡಿಯೋದ ವಿಷಯ ಹೇಳಿದರು. ಮನೆಯಾತ ನನ್ನ ತಟ್ಟೆಗೆ ಕೋಳಿ ಸುಕ್ಕ ಬಡಿಸುತ್ತಾ, "ಎಂತ ಅಕ್ಕ, ನೀವು ಆ ಪಾರ್ಟಿಯಾ?" ಎಂದರು. ಆ ಪಕ್ಷದಲ್ಲೂ ನಡುವಿನ ದಾರಿಯವರು ಇದ್ದಾರೆ, ಮಾಡರೇಟ್ ಅನ್ನುತ್ತಾರೆ ಎಂದೆ.

"ಅಂದ್ರೆ ಮೊಟ್ಟೆ ಮಾತ್ರ ತಿನ್ನುವ ಸಸ್ಯಾಹಾರಿ ಹಾಗೆ," ಎಂದು ಅವರೆಂದಾಗ ಎಲ್ಲರೂ ನಕ್ಕರು. ನನಗೂ ನಗು ಬಂತು. ಆಮೇಲೆ ನಾನು ಆ ಶಾಲೆಯ ಕಥೆಯನ್ನು ಪೂರ್ತಿ ಹೇಳಿದೆ. ಸಗಣಿ ಬೂಟು, ಸಂಜೆಯ ಸಭೆ, ಕಾಫಿ ಎಲ್ಲ. ಮನೆಯಾಕೆ ಎಲ್ಲರ ತಟ್ಟೆಗೂ ಇನ್ನೊಂದು ಸಾನ್ನಾ ಹಾಕಿದರು. ಮನೆಯಾತನೇ, "ಒಳ್ಳೆಯವರು ಮಾರಾಯ್ರೆ. ಆದ್ರೆ ಸೋಲ್ತಾರಲ್ಲ ಅಕ್ಕ. ಸೋಲುವವರಿಗೆ ಓಟು ಹಾಕಿ ಎಂತ ಪ್ರಯೋಜನ?" ಎಂದರು.

"ಗೆಲ್ಲುವವರಿಗೆ ಹಾಕಿ ಇಷ್ಟು ವರ್ಷ ಏನು ಪ್ರಯೋಜನ ಆಯ್ತು, ಅದನ್ನ ಹೇಳಿ," ಎಂದೆ. ನನ್ನ ಧ್ವನಿ ಸ್ವಲ್ಪ ಏರಿತ್ತು. "ನೀವೆಲ್ಲ ಕುದುರೆ ಜೂಜು ನೋಡ್ದಂಗೆ ನೋಡ್ತೀರ. ನಾನು ಅಲ್ಲಿ ನೀರು ಕುಡಿದಿದ್ದೀನಿ. ನನಗೆ ಬೇಕಾಗಿರೋದು ಗೆಲ್ಲೋ ಕುದುರೆ ಅಲ್ಲ. ನೀರಲ್ಲಿ ವಿಷ ಇದೆ ಅಂದ್ರೆ, ಯಾವ ಪಕ್ಷದ ಲ್ಯಾಬು ಹೇಳ್ತು ಅಂತ ಕೇಳದೇ ಇರೋನು."

ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ಕಾಲು ಆಚೆ ಎಳೆದುಕೊಂಡೆ.

ವಿಡಿಯೋ ಹೋಯಿತು. ಅದರಲ್ಲಿ ನಾನು ಹೇಳಿದ್ದು ಸ್ವಲ್ಪವೇ: ನಾನು ಆ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ, ಆ ನೀರನ್ನು ಪರೀಕ್ಷಿಸಿದವಳು ನಾನೇ, ಅದರಲ್ಲಿ ಸೀಸ ಇತ್ತು, ಈ ಮನುಷ್ಯ ಮುಚ್ಚಿಡಲಿಲ್ಲ. ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಎದುರಾಳಿಯ ಕಡೆಯವರು ಅದನ್ನು ಕತ್ತರಿಸಿ, ನಾನು ಮಸ್ಕತ್ತಿನಲ್ಲಿರುವುದನ್ನು ಎಲ್ಲಿಂದಲೋ ಹುಡುಕಿ ತೆಗೆದು, ಅರಬರ ದೇಶದಲ್ಲಿ ಕೂತ ವಿದೇಶಿ ಹೆಂಗಸು ನಮ್ಮ ಊರ ನೀರಿನ ಬಗ್ಗೆ ಪಾಠ ಹೇಳುತ್ತಿದ್ದಾಳೆ ಎಂದು ಹರಡಿದರು. ಅದರ ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹಣೆಯ ಬೊಟ್ಟಿನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗಿತ್ತು. ನಾನಿದ್ದ ಊರಿನವರೇ ಬರೆದಿದ್ದರು, ಒಂದೆರಡು ಹೆಸರು ನನಗೆ ಪರಿಚಯದವು. ನಾನು ನೀರು ಪರೀಕ್ಷಿಸಿ ಕೊಟ್ಟ ಮನೆಗಳವು.

ಡಾಕ್ಟರ ಪ್ರಚಾರ ನೋಡಿಕೊಳ್ಳುವವರು ವಿಡಿಯೋ ತೆಗೆದುಬಿಡೋಣ, ಇದರಿಂದ ಓಟು ಹೋಗುತ್ತಿದೆ ಎಂದರಂತೆ. ಡಾಕ್ಟರು ನನಗೆ ಫೋನ್ ಮಾಡಿ ಅದನ್ನೂ ಮುಚ್ಚಿಡದೆ ಹೇಳಿದರು. ಇರಬೇಕೋ ಬೇಡವೋ ನಿಮ್ಮಿಷ್ಟ, ಬೈಗುಳ ತಿನ್ನುತ್ತಿರುವುದು ನೀವು; ನನ್ನನ್ನು ಕೇಳಿದರೆ ಇರಲಿ ಎನ್ನುತ್ತೇನೆ ಎಂದರು. ನಾನೂ ಇರಲಿ ಎಂದೆ.

ಅದಾಗಿ ಕೆಲವೇ ದಿನಕ್ಕೆ ದಕ್ತೂರಾ ನನ್ನನ್ನು ಕೋಣೆಗೆ ಕರೆದರು. ಯಾರೋ ಹೆಸರು ಹಾಕದೆ ನಮ್ಮ ಆಫೀಸಿಗೆ ಇಮೇಲ್ ಕಳಿಸಿದ್ದರು, ನಿಮ್ಮಲ್ಲಿ ಕೆಲಸಕ್ಕಿರುವವಳು ಹೊರದೇಶದ ರಾಜಕೀಯ ಮಾಡುತ್ತಿದ್ದಾಳೆ ಎಂದು. ಬಾಗಿಲು ಹಾಕಿ, ತಮ್ಮ ಫೋನಿನಲ್ಲಿ ಆ ವಿಡಿಯೋವನ್ನು ನನ್ನ ಎದುರಿಗೇ ಮೊದಲಿಂದ ಕೊನೆಯವರೆಗೆ ನೋಡಿದರು. ಗಂಡ ಹೇಳಿದ್ದೇ ನಿಜವಾಗುತ್ತದೆ ಎನ್ನಿಸಿತು.

"ಇದರಲ್ಲಿ ನಮ್ಮ ಲ್ಯಾಬಿನ ಹೆಸರಿದೆಯಾ?" ಎಂದರು.

ಇಲ್ಲ ಎಂದೆ.

"ನಮ್ಮ ದೇಶದ ಬಗ್ಗೆ ಏನಾದರೂ?"

ಇಲ್ಲ.

"ನೀರಿನಲ್ಲಿ ನಿಜವಾಗಿ ಸೀಸ ಇತ್ತಾ?"

ಇತ್ತು ಎಂದೆ.

"ಹಾಗಾದರೆ ಖಲಾಸ್, ವಿಷಯ ಮುಗಿಯಿತು," ಎಂದು ಫೋನನ್ನು ಮೇಜಿನ ಮೇಲಿಟ್ಟರು. "ಲ್ಯಾಬಿನ ಹೆಸರು ಎಲ್ಲೂ ಬರಬಾರದು. ನೀನು ಎಲ್ಲಿ ವಾಸವಿದ್ದೀಯ, ನಿನ್ನ ದೇಶದಲ್ಲಿ ಯಾರಿಗೆ ಓಟು ಹಾಕ್ತೀಯ, ಅದು ನಿನ್ನದು." ನಾನು ಎದ್ದು ಬಾಗಿಲ ಹತ್ತಿರ ಹೋದಾಗ ಮತ್ತೆ ಕರೆದು ಕೇಳಿದರು. ಆ ಮುದುಕ ಗೆದ್ದರೆ ಯುದ್ಧ ನಿಲ್ಲಿಸುತ್ತಾನಾ ಎಂದು. ಗೊತ್ತಿಲ್ಲ, ಆದರೆ ಕೇಳಿದರೆ ಉತ್ತರ ಕೊಡುತ್ತಾನೆ ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಆ ಸಂಜೆ ಮನೆಗೆ ಬಂದು ಇನ್ನೊಂದು ವಿಡಿಯೋ ಮಾಡಬೇಕು ಎಂದೆ. ಮೊದಲ ಸಲ ಪ್ರಚಾರದವರ ಮಾತು ಕೇಳಿ ಕೋಟು ಹಾಕಿ, ಬಿಳಿ ಗೋಡೆಯ ಮುಂದೆ, ಎಲ್ಲಿದ್ದೇನೆಂದೇ ತಿಳಿಯದ ಹಾಗೆ ಕೂತಿದ್ದೆ. ಈ ಸಲ ಗುಡಿಗೆ ಹೋಗುವಾಗ ಉಡುವ ಹತ್ತಿ ಸೀರೆ ಉಟ್ಟೆ, ಬೊಟ್ಟನ್ನು ಎಂದಿಗಿಂತ ದೊಡ್ಡದಾಗಿಯೇ ಇಟ್ಟೆ. ಗಂಡ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಆ ಬೈಗುಳಗಳನ್ನು ಎಲ್ಲ ಓದಿದ್ದರು ಎಂದು ಆಗ ತಿಳಿಯಿತು. ನನಗೆ ಹೇಳಿರಲಿಲ್ಲ. ನನ್ನ ಕೈಯಿಂದ ಫೋನ್ ತೆಗೆದುಕೊಂಡು, "ಬಾಲ್ಕನಿಗೆ ಬಾ, ಬೆಳಕು ಚೆನ್ನಾಗಿದೆ," ಎಂದರು. ಹಿಂದೆ ದಾರ್ಸೈಟಿನ ಬಿಳಿ ಕಟ್ಟಡಗಳು, ಬೋಳು ಗುಡ್ಡ, ಎಲ್ಲ ಬೀಳುವ ಹಾಗೆ ನನ್ನನ್ನು ನಿಲ್ಲಿಸಿದರು.

ಹೌದು, ನಾನು ಮಸ್ಕತ್ತಿನಲ್ಲಿದ್ದೇನೆ ಎಂದು ಶುರುಮಾಡಿದೆ. ಮೈಸೂರಿನಲ್ಲಿ ಹುಟ್ಟಿದೆ, ನಿಮ್ಮ ಊರಿನಲ್ಲಿ ಸಂಸಾರ ಮಾಡಿದೆ, ನಿಮ್ಮ ನ್ಯಾಯಾಧೀಶರ ಮುಂದೆ ಕೈ ಎತ್ತಿ ಪೌರತ್ವ ಪಡೆದೆ. ನನ್ನ ಮಾತಿನ ಧಾಟಿ ಹೀಗೇ ಇರುತ್ತದೆ. ನಿಮ್ಮ ಮಕ್ಕಳು ಈಗ ಕುಡಿಯುತ್ತಿರುವ ನೀರಿನಲ್ಲಿ ಸೀಸ ಇಲ್ಲ. ಅದಕ್ಕೆ ಒಬ್ಬ ರಿಪಬ್ಲಿಕನ್ ತನ್ನ ಕುರ್ಚಿ ಕಳೆದುಕೊಂಡ. ಅವನಿಗೆ ನಾನು ಓಟು ಹಾಕುತ್ತಿದ್ದೇನೆ, ನನ್ನನ್ನು ಎಷ್ಟು ಬೈದರೂ ಹಾಕುತ್ತೇನೆ. ಇಷ್ಟೇ ಹೇಳಿ ನಿಲ್ಲಿಸಿದೆ. ಗಂಡ ಒಮ್ಮೆ ನೋಡಿ, ಸೆರಗು ಸರಿ ಮಾಡಿಕೋ, ಇನ್ನೊಂದು ಸಲ ತೆಗೆಯೋಣ ಎಂದರು. ಬೇಡ, ಹೀಗೇ ಹೋಗಲಿ ಎಂದೆ.

ಅದು ಹೋದ ಮೇಲೆ ಮಗಳ ಫೋನ್ ಬಂತು. ಅವಳು ಅಳುತ್ತಿದ್ದಳು, ಸಿಟ್ಟಿನ ಅಳು. ಆ ಹೊಲಸು ಬರೆದವರಿಗೆಲ್ಲ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಕೂತಿದ್ದಳಂತೆ. ಬಿಟ್ಟುಬಿಡು, ಪರೀಕ್ಷೆಗೆ ಓದಿಕೋ ಎಂದೆ. "ಅಮ್ಮಾ, ಇವರ ಓಟು ಬೇಕು ಅಂತ ನಿನ್ನ ಡಾಕ್ಟರು ನಿಂತಿರೋದು," ಎಂದಳು ಕನ್ನಡದಲ್ಲೇ. ಹೌದು, ಇವರ ಓಟೇ ಬೇಕಾಗಿರುವುದು, ಬೇರೆಯವರ ಓಟು ಸಾಕಾಗಿದ್ದರೆ ಅವರು ಆ ಪಕ್ಷದಲ್ಲಿ ಯಾಕಿರುತ್ತಿದ್ದರು ಎಂದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ. ನಾನು ಮಾತ್ರ ನಿನ್ನ ಪಕ್ಷದ ಮತಪತ್ರ ಕೇಳಲ್ಲ ಎಂದು ನೇರವಾಗಿ ಹೇಳಿದಳು. ಕೇಳು ಎಂದು ನಾನೂ ಹೇಳಲಿಲ್ಲ. ಅವತ್ತಿನಿಂದ ಮತ್ತೆ ಮಾತಾಡುತ್ತಿದ್ದೇವೆ, ಜಗಳವನ್ನೂ ಆಡುತ್ತೇವೆ.

ಮತಪತ್ರ ಇಮೇಲಿನಲ್ಲಿ ಬರುತ್ತದೆ, ಆದರೆ ಓಹಾಯೊಗೆ ಕಾಗದದಲ್ಲೇ ವಾಪಸು ಹೋಗಬೇಕು. ಪಕ್ಕದ ರೂವಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಮನೆಗೆ ತಂದು, ಊಟದ ಮೇಜಿನ ಮೇಲೆ ಡಾಕ್ಟರ ಹೆಸರಿನ ಮುಂದಿನ ಸೊನ್ನೆಯನ್ನು ಕಪ್ಪು ಶಾಯಿಯಲ್ಲಿ ತುಂಬಿದೆ. ಮತಗಟ್ಟೆಯ ಆಚೆ ಕಾಫಿ ಕೊಟ್ಟ ದಿನ ಮಾಡಲಾಗದ್ದನ್ನು ಈಗ ಮಾಡಿದೆ. ಗಂಡನೂ ತಮ್ಮದನ್ನು ತುಂಬಿದರು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇಬ್ಬರದನ್ನೂ ಅವರೇ ಕಾರಿನಲ್ಲಿ ತೆಗೆದುಕೊಂಡು ಹೋಗಿ ಅಂಚೆಗೆ ಹಾಕಿ ಬಂದರು.

ಫಲಿತಾಂಶ ಬಂದಾಗ ಇಲ್ಲಿ ಬೆಳಿಗ್ಗೆ, ನಾನು ಲ್ಯಾಬಿನಲ್ಲಿದ್ದೆ. ಡಾಕ್ಟರು ಸೋತಿದ್ದರು. ಕೂದಲೆಳೆಯ ಅಂತರವೂ ಅಲ್ಲ, ಚೆನ್ನಾಗಿಯೇ ಸೋತಿದ್ದರು. ಪೈಪು ಹಾಕಿಸಿಕೊಂಡ ಅವರ ಸ್ವಂತ ಊರೂ ಅವರ ಕೈ ಹಿಡಿದಿರಲಿಲ್ಲ. ನಾನು ಫೋನ್ ಮುಚ್ಚಿಟ್ಟು ಬೆಳಗಿನ ಮಾದರಿಗಳನ್ನು ಯಂತ್ರಕ್ಕೆ ಕೊಟ್ಟೆ. ದುಃಖವಲ್ಲ, ಕೋಪ ಬಂದಿತ್ತು. ಮಧ್ಯಾಹ್ನ ದಕ್ತೂರಾ ನನ್ನ ಮುಖ ನೋಡಿ ಭುಜ ತಟ್ಟಿ ಹೋದರು.

ಆ ವಾರದ ಕೊನೆಗೆ ಡಾಕ್ಟರೇ ಫೋನ್ ಮಾಡಿದರು. ಯಾವುದೋ ಡೇರಿಗೆ ಹೋಗುವ ದಾರಿಯಲ್ಲಿದ್ದರು, ಗಾಡಿಯ ಸದ್ದು ಕೇಳುತ್ತಿತ್ತು. ನಿಮ್ಮ ಊರಿನವರಿಗೆ ನಾಚಿಕೆಯಿಲ್ಲ ಎಂದೆ ನಾನು, ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರು ನಕ್ಕರು.

"ಅವರು ಮರೆತಿದ್ದಾರೆ ಅಷ್ಟೇ. ನಲ್ಲಿ ತಿರುಗಿಸಿದರೆ ಒಳ್ಳೆ ನೀರು ಬರುತ್ತೆ, ಯಾರು ನೆನಪಿಟ್ಟುಕೊಳ್ಳುತ್ತಾರೆ? ಮರೆಯಲಿ ಅಂತ ತಾನೇ ಪೈಪು ಹಾಕಿಸಿದ್ದು."

ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಾನು ಮರೆಯುವುದಿಲ್ಲ ಎಂದೆ. ಮತ್ತೆ ನಿಲ್ಲುತ್ತೀರಾ ಎಂದು ಕೇಳಿದೆ. ವಯಸ್ಸಾಯಿತು, ಆದರೆ ಒಬ್ಬಳು ಹುಡುಗಿ ಇದ್ದಾಳೆ, ಶಾಲಾ ಮಂಡಳಿಯಲ್ಲಿ, ನಮ್ಮದೇ ಪಕ್ಷ, ಹಟಮಾರಿ ಎಂದರು. ಅವಳೂ ಸೋಲುತ್ತಾಳಾ ಎಂದೆ. ಮೊದಲ ಸಲ ಖಂಡಿತ ಸೋಲುತ್ತಾಳೆ ಎಂದರು. ಅವಳು ನಿಂತ ದಿನ ನನಗೆ ತಿಳಿಸಿ ಎಂದೆ.

ನವೆಂಬರಿನ ನಿಜವಾದ ಚುನಾವಣೆಯಲ್ಲಿ ಡೆಮಾಕ್ರಟ್ ಅಭ್ಯರ್ಥಿಗೆ ಓಟು ಹಾಕಿದೆ. ನೀರಿನ ಕಥೆ ಸುಳ್ಳು ಎಂದವನಿಗೆ ನನ್ನ ಕೈ ಏಳುವುದಿಲ್ಲ. ಮಗಳಿಗೆ ಸಂತೋಷವಾಯಿತು. ಸಂತೋಷಪಡಬೇಡ, ನಿಮ್ಮ ಅಭ್ಯರ್ಥಿಗೆ ನಾನು ಬರೆದ ಪತ್ರಕ್ಕೆ ಇನ್ನೂ ಕಂಪ್ಯೂಟರೇ ಉತ್ತರಿಸಿದೆ, ಮುಂದಿನ ಒಳಚುನಾವಣೆಗೆ ನಾನು ಮತ್ತೆ ರಿಪಬ್ಲಿಕನ್ ಮತಪತ್ರವನ್ನೇ ಕೇಳುವವಳು ಎಂದೆ. ಅವಳು ನಿಟ್ಟುಸಿರು ಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿತು. ಈಗ ಎರಡು ಪಕ್ಷದ ಇಮೇಲುಗಳೂ ನನಗೆ ಬರುತ್ತವೆ. ಎರಡಕ್ಕೂ ನಾನು ಒಂದೇ ಪ್ರಶ್ನೆ ಬರೆದು ಕಳಿಸುತ್ತೇನೆ, ಉಳಿದ ಊರುಗಳ ಪೈಪು ಯಾವಾಗ ಎಂದು. ಉತ್ತರ ಬರುವವರೆಗೂ ಕಳಿಸುತ್ತಿರುತ್ತೇನೆ.

ಆ ದಿನಗಳಲ್ಲೇ ಅಲ್ ಮವಾಲೇಹ್‌ನ ಗೆಳೆಯರು ಫೋನ್ ಮಾಡಿದರು. ಶುಕ್ರವಾರ ಊಟಕ್ಕೆ ಬನ್ನಿ ಅಕ್ಕ, ಒಂದೇ ಒಂದು ಷರತ್ತು, ಈ ಸಲ ಪೊಲಿಟಿಕ್ಸ್ ಬೇಡ ಎಂದರು. ಯಾರ್ಯಾರು ಬರುತ್ತಾರೆ ಎಂದು ಕೇಳಿದೆ. ಅದೇ ಜನ ಎಂದರು.

"ಹಾಗಿದ್ರೆ ಷರತ್ತಿಲ್ಲದೆ ಬರ್ತೀನಿ," ಎಂದೆ.

ಹೋದೆವು. ಚಪ್ಪಲಿ ಬಿಚ್ಚುವ ಮೊದಲೇ ಒಳಗಿನಿಂದ ಯಾರೋ, ಏನು ನಿಮ್ಮ ದನದ ಡಾಕ್ಟರು ಸೋತರಂತಲ್ಲ ಎಂದರು. ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಮನೆಯಲ್ಲಿ ಎಲ್ಲರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ.